ಮೂರೇ ಒತ್ತಿಗೆ ಹೋದ ನಾಯಿ

ಆಫೀಸಿನಲ್ಲಿ ಎಲ್ಲರೂ ಆಕೆಯನ್ನು ಪಾದರಸ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವ ಜೀವವಲ್ಲ. ಮೀಟಿಂಗಿನಲ್ಲಿ ಉಳಿದವರು ಕುರ್ಚಿಗೆ ಅಂಟಿಕೊಂಡಿದ್ದರೆ ಈಕೆ ಗೋಡೆಗೆ ಒರಗುತ್ತಾಳೆ, ಕಿಟಕಿಯವರೆಗೆ ಹೋಗಿ ಬರುತ್ತಾಳೆ, ಪೆನ್ನಿನ ಮುಚ್ಚಳ ತೆಗೆಯುತ್ತಾಳೆ, ಹಾಕುತ್ತಾಳೆ, ಮತ್ತೆ ತೆಗೆಯುತ್ತಾಳೆ, ಕೊನೆಗೆ ಯಾರಾದರೂ ಅದನ್ನು ಕೈಯಿಂದ ಕಿತ್ತುಕೊಳ್ಳಬೇಕು. ಲಿಫ್ಟಿನೊಳಗೆ ಹೋದರೆ ಬಾಗಿಲು ತೆರೆಯುವ ಬಟನ್ ಯಾವುದು, ಮುಚ್ಚುವ ಬಟನ್ ಯಾವುದು ಎಂದು ತಿಳಿಯದ ಹಾಗೆ ಮಾಡಿದವನನ್ನು ಬೈಯುತ್ತಲೇ ಮೇಲೆ ಬರುತ್ತಿದ್ದಳು. ಮನೆಯಲ್ಲಿ ತಲೆ ಕೆಟ್ಟಾಗಲೆಲ್ಲ ಅಡುಗೆಮನೆಯ ಡಬ್ಬಿಗಳ ಜಾಗ ಬದಲಾಗುತ್ತಿತ್ತು. ಉಪ್ಪು ಹುಡುಕಿ ಹುಡುಕಿ ಸುಸ್ತಾದ ಅತ್ತೆ, "ನಿನ್ನ ಗಂಡ ರೈಲು ಓಡಿಸ್ತಾನೆ, ಆದ್ರೆ ಮನೇಲಿ ತೆಪ್ಪಗೆ ಕೂರ್ತಾನೆ. ನೀನು ಕೂತು ಮಾಡೋ ಕೆಲಸ ಹಿಡಿದು ಮನೆಯೆಲ್ಲ ಓಡಾಡ್ತೀಯಲ್ಲೇ," ಎನ್ನುತ್ತಿದ್ದರು.

ಸೊಸೆಯ ಕೆಲಸ ಏನೆಂಬುದು ಅತ್ತೆಗೆ ಬಹುಕಾಲ ಬಗೆಹರಿದಿರಲಿಲ್ಲ. ಒಮ್ಮೆ ಪಟ್ಟು ಹಿಡಿದು ಕೇಳಿದ್ದರು.

"ವೆಬ್‌ಸೈಟಿಗೆ ಬಣ್ಣ ಹಾಕೋದಾ?"

"ಅಲ್ಲ ಅತ್ತೆ, ಅದಕ್ಕೆ ಬೇರೆಯವರಿದ್ದಾರೆ."

"ಕಂಪ್ಯೂಟರ್‌ಗೆ ಬರೆಯೋದಾ?"

"ಅದು ಪ್ರೋಗ್ರಾಮರ್ ಕೆಲಸ."

"ಮತ್ತೆ ನೀನೇನು, ಇಬ್ಬರ ಮಧ್ಯೆ ಕೂತು ಟೀ ಕುಡೀತೀಯಾ?"

"ನನ್ನ ಇಂಟರ್ಯಾಕ್ಷನ್ ಡಿಸೈನರ್ ಅಂತಾರೆ. ನೀವೊಂದು ಕಡೆ ಒತ್ತಿದ್ರೆ ಮುಂದೆ ಏನು ಕಾಣ್ಬೇಕು, ಯಾವ ಪ್ರಶ್ನೆ ಮೊದ್ಲು ಕೇಳ್ಬೇಕು, ಗೊಂದಲ ಆದ್ರೆ ಏನು ಹೇಳ್ಬೇಕು, ಇವನ್ನೆಲ್ಲ ಬಣ್ಣ ಹಾಕೋಕೂ ಮುಂಚೆ, ಬರೆಯೋಕೂ ಮುಂಚೆ ನಾನು ಯೋಚನೆ ಮಾಡ್ಬೇಕು."

"ಅಂದ್ರೆ ಮನೆಗೆ ಬಂದೋರನ್ನ ಎಲ್ಲಿ ಕೂರಿಸ್ಬೇಕು, ಏನು ಮಾತಾಡಿಸ್ಬೇಕು ಅಂತ ನೋಡ್ಕೊಳ್ಳೋದು. ಅದಕ್ಕೂ ಸಂಬಳ ಕೊಡ್ತಾರಾ?"

ಪಾದರಸ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮರುದಿನ ಆಫೀಸಿನಲ್ಲಿ ಅದನ್ನು ಎಲ್ಲರಿಗೂ ಹೇಳಿದ್ದಳು ಕೂಡ.

ಈ ಕೆಲಸಕ್ಕೆ ಆಕೆ ಓದಿ ಬಂದವಳಲ್ಲ. ಮದುವೆಗೆ ಮುಂಚೆ ಕನ್ನಡಕದ ಅಂಗಡಿಯೊಂದರ ಕೌಂಟರಿನಲ್ಲಿದ್ದಳು. ಬಂದವರೆಲ್ಲ ಗಾಜಿನ ಬಾಗಿಲನ್ನು ಎಳೆಯುವ ಬದಲು ತಳ್ಳಿ, ಹಣೆ ಕುಟ್ಟಿಸಿಕೊಂಡು ಒಳಗೆ ಬರುತ್ತಿದ್ದರು. ಕಣ್ಣು ಮಂಜಾಗಿದೆಯೆಂದೇ ಬರುವವರಿಗೆ ಪುಟ್ಟ ಅಕ್ಷರದಲ್ಲಿ 'ಎಳೆಯಿರಿ' ಎಂದು ಬರೆದಿಟ್ಟರೆ ಇನ್ನೇನಾಗುತ್ತದೆ? ಆಕೆ ಮಾಲೀಕನ ಬೆನ್ನು ಬಿದ್ದು ಬಾಗಿಲಿನ ಹಿಡಿಕೆಯನ್ನೇ ಬದಲಾಯಿಸಿದಳು. ಅಲ್ಲಿಂದ ಶುರುವಾದ ಹುಚ್ಚು. ಅಂಗಡಿಯ ವೆಬ್‌ಸೈಟ್ ಮಾಡಲು ಬಂದಿದ್ದ ಕಂಪನಿಯ ಯಜಮಾನ ಆಕೆಯ ತಕರಾರುಗಳನ್ನೆಲ್ಲ ಕೇಳಿ, "ನೀವು ನಮ್ಮಲ್ಲಿಗೇ ಬಂದುಬಿಡಿ, ಇಲ್ಲಾಂದ್ರೆ ಈ ಕೆಲಸ ಮುಗಿಯಲ್ಲ," ಎಂದಿದ್ದ.

ಹೀಗೆ ಬಂದವಳಿಗೆ ಒಂದು ಬೇಸಿಗೆಯಲ್ಲಿ ಪ್ರಾಣಿ ಆಶ್ರಯಕೇಂದ್ರದ ವೆಬ್‌ಸೈಟ್ ಕೆಲಸ ಸಿಕ್ಕಿತು.

ಕೇಂದ್ರವನ್ನು ನಡೆಸುತ್ತಿದ್ದವರು ಪಶುವೈದ್ಯೆ. ಎಲ್ಲರಿಗೂ ಅವರು ಡಾಕ್ಟರಮ್ಮ. ತೋಳಿನ ತುಂಬ ಪರಚಿದ ಗೆರೆಗಳು, ದನಿ ಗಡಸು. ಊರಿನಲ್ಲಿ ಯಾರ ನಾಯಿ ಕಳೆದರೂ, ಯಾರಿಗೆ ನಾಯಿ ಬೇಕಾದರೂ, ಯಾರಿಗೆ ಬೇಡವಾದರೂ ಅಲ್ಲಿಗೇ ಬರಬೇಕು. ಫೋನಿಗೆ ಬಿಡುವೇ ಇರುತ್ತಿರಲಿಲ್ಲ. ಹಳೆಯ ವೆಬ್‌ಸೈಟಿನಲ್ಲಿ ನಾಯಿಯನ್ನು ಒಪ್ಪಿಸಬೇಕೆಂದರೆ ಪುಟದ ಮೇಲೆ ಪುಟ ಪ್ರಶ್ನೆಗಳು. ಅರ್ಧಕ್ಕೆ ಬೇಸತ್ತವರು ಬೆಳಗಾಗುವಷ್ಟರಲ್ಲಿ ನಾಯಿಯನ್ನು ಗೇಟಿಗೆ ಕಟ್ಟಿ ಪರಾರಿ.

"ಬಿಸಿಲಲ್ಲಿ ಗೇಟಿಗೆ ಕಟ್ಟಿದ ನಾಯಿ ಬಿಚ್ಚಿ ಬಿಚ್ಚಿ ಸಾಕಾಗಿದೆ ನನಗೆ," ಎಂದರು ಡಾಕ್ಟರಮ್ಮ. "ಸುಲಭ ಮಾಡ್ಕೊಡಿ. ಮರ್ಯಾದೆಯಾಗಿ ಒಳಗೆ ಬಂದು ಬಿಟ್ಟುಹೋಗ್ಲಿ."

ಸುಲಭ ಮಾಡುವುದು ಪಾದರಸಳಿಗೆ ನೀರು ಕುಡಿದಷ್ಟು ಸಲೀಸು. ಬೇಡದ ಪ್ರಶ್ನೆಗಳನ್ನೆಲ್ಲ ಕಿತ್ತೆಸೆದಳು. ನಾಯಿಯ ಫೋಟೋ ಹಾಕಿ, ಬರುವ ದಿನ ಆರಿಸಿ, ಸರಿ ಎನ್ನಿ. ಮೂರೇ ಒತ್ತು. ಆಮೇಲೆ ಒಂದು ಸಾಲು ಕಾಣುತ್ತಿತ್ತು: 'ಧನ್ಯವಾದಗಳು. ನಿಮ್ಮ ನಾಯಿ ಇನ್ನು ನಮ್ಮ ಜವಾಬ್ದಾರಿ.' ಆ ಸಾಲಿಗಾಗಿ ಆಕೆ ಇಡೀ ಮಧ್ಯಾಹ್ನ ಕಾರಿಡಾರಿನಲ್ಲಿ ಶತಪಥ ಹಾಕಿದ್ದಳು. ನಾಯಿ ಬಿಡುವವರ ಮನಸ್ಸು ಮೊದಲೇ ಮುದುಡಿರುತ್ತದೆ, ಅವರಿಗೆ ಒಂದಿಷ್ಟು ಸಮಾಧಾನ ಸಿಗಲಿ ಎಂಬುದು ಆಕೆಯ ಆಸೆ.

ಪ್ರೋಗ್ರಾಮರ್ ಮಿತಭಾಷಿ. ಎಷ್ಟು ಮಿತವೆಂದರೆ ಅವನಿಗೆ ಮೌನಿ ಎಂದೇ ಹೆಸರು ಬಿದ್ದಿತ್ತು. ಅವನೂ ಆ ಪುಟ ನೋಡಿ "ಚೆನ್ನಾಗಿದೆ" ಎಂದ. ಅವನ ಬಾಯಲ್ಲಿ ಅದು ಭಾಷಣಕ್ಕೆ ಸಮ.

ವೆಬ್‌ಸೈಟ್ ಶುರುವಾದ ಕೆಲವೇ ವಾರಗಳಲ್ಲಿ ಯಜಮಾನ ಪರದೆಯ ಮೇಲೆ ಒಂದು ಗೆರೆ ತೋರಿಸಿದ. ಗೆರೆ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತಿತ್ತು. "ಶುರು ಮಾಡಿದವರೆಲ್ಲ ಕೊನೇವರೆಗೂ ಹೋಗ್ತಿದ್ದಾರೆ. ಅರ್ಧಕ್ಕೆ ಬಿಡೋರೇ ಇಲ್ಲ!" ಎಂದು ಎಲ್ಲರಿಗೂ ಸಿಹಿ ಹಂಚಿದ. ಪಾದರಸಳ ಬೆನ್ನು ತಟ್ಟಿದ. ಆಕೆಯೂ ಆ ದಿನ ಒಂದು ಗೇಣು ಎತ್ತರವಾಗಿಯೇ ಮನೆಗೆ ಹೋದಳು.

ಆಮೇಲೆ ಡಾಕ್ಟರಮ್ಮನ ಫೋನ್ ಬಂತು. "ಒಂದ್ಸಲ ಬಂದು ನೋಡ್ಕೊಂಡು ಹೋಗಿ."

ಕೇಂದ್ರದ ಗೇಟಿನಲ್ಲಿ ಕಟ್ಟಿಹಾಕಿದ ನಾಯಿ ಒಂದೂ ಇರಲಿಲ್ಲ. ಅದನ್ನು ನೋಡಿ ಪಾದರಸಳ ಮುಖ ಅರಳಿತು. ಒಳಬಾಗಿಲು ತೆರೆದದ್ದೇ ಬೊಗಳಾಟ ಬಂದು ಎದೆಗೆ ಗುದ್ದಿದ ಹಾಗಾಯಿತು. ಒಂದು ಗೂಡಿನಲ್ಲಿ ಒಂದು ನಾಯಿ ಇರುತ್ತಿದ್ದಲ್ಲಿ ಎರಡು, ಕೆಲವು ಕಡೆ ಮೂರು. ನಡೆಯುವ ದಾರಿಯಲ್ಲೂ ಪಂಜರಗಳು. ಫಿನಾಯಿಲಿನ ಘಾಟು ಕಣ್ಣು ಉರಿಸುತ್ತಿತ್ತು.

"ನಿಮ್ಮ ವೆಬ್‌ಸೈಟ್ ಚೆನ್ನಾಗಿದೆ," ಎಂದರು ಡಾಕ್ಟರಮ್ಮ, ಒಂದು ಮರಿಗೆ ಚುಚ್ಚುಮದ್ದು ಕೊಡುತ್ತಾ. "ತುಂಬಾನೇ ಚೆನ್ನಾಗಿದೆ. ಈಗ ನಾಯಿ ಬಿಡೋದು ಹಳೇ ಪೇಪರ್ ಮಾರಿದಷ್ಟು ಸುಲಭ."

"ನೀವೇ ಸುಲಭ ಮಾಡಿ ಅಂದ್ರಲ್ಲ ಡಾಕ್ಟರಮ್ಮ?"

"ಅಂದೆ. ನಾನು ನಾಯಿ ಡಾಕ್ಟರು. ನೀವಲ್ವಾ ಮನುಷ್ಯರನ್ನ ನೋಡಿಕೊಳ್ಳೋರು?"

ಆ ಮಾತು ಮೈಗೆ ಇರುವೆ ಬಿಟ್ಟ ಹಾಗೆ ಹರಿದಾಡತೊಡಗಿತು. ಮರುದಿನ ಆಕೆ ಆಫೀಸಿಗೆ ಹೋಗದೆ ಕೇಂದ್ರದ ಮುಂದಿನ ಕೋಣೆಗೆ ಹೋದಳು. ಬೆಂಚಿನ ಮೇಲೆ ಕೂತಳು, ಎದ್ದಳು, ಗೋಡೆಯ ಮೇಲಿನ ಚಿತ್ರಪಟ ನೋಡಿದಳು, ಮತ್ತೆ ಕೂತಳು. ಬಂದವರು ನಾಯಿಯನ್ನು ಒಪ್ಪಿಸಿ, ತೋರಿಸಿದಲ್ಲಿ ಸಹಿ ಹಾಕಿ, ಬಸ್ಸು ಇಳಿದವರ ಹಾಗೆ ನಡೆದುಬಿಡುತ್ತಿದ್ದರು. ಯಾರೂ ಏನೂ ಕೇಳುತ್ತಿರಲಿಲ್ಲ, ಯಾರೂ ಏನೂ ಹೇಳುತ್ತಿರಲಿಲ್ಲ.

ಮಧ್ಯಾಹ್ನಕ್ಕೆ ಮುಂಚೆ ಒಬ್ಬ ಮಾತ್ರ ನಾಯಿಯಿಲ್ಲದೆ ಬಂದ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ನಾಯಿಯ ಬರಿ ಬೆಲ್ಟು. ಬೀದಿಯಾಚೆಯ ಟೈಲರ್. "ನಮ್ಮ ಗುಂಡೀನ ಕರ್ಕೊಂಡು ಹೋಗೋಕೆ ಬಂದೆ," ಎಂದ ನಗುತ್ತಾ. ಮರಿಯಾಗಿದ್ದಾಗ ಕೋಟಿನ ಗುಂಡಿ ನುಂಗಿ ಮನೆಯವರನ್ನೆಲ್ಲ ಹೆದರಿಸಿದ್ದಕ್ಕೆ ನಾಯಿಗೆ ಆ ಹೆಸರಂತೆ.

ಡಾಕ್ಟರಮ್ಮ ಕಂಪ್ಯೂಟರಿನಲ್ಲಿ ನೋಡಿದರು. ಆಮೇಲೆ ಅವನ ಮುಖ ನೋಡಿದರು. "ಆ ನಾಯಿಗೆ ಬೇರೆ ಮನೆ ಸಿಕ್ಕಿದೆ. ಹೋದ ವಾರವೇ ಕರ್ಕೊಂಡು ಹೋದ್ರು."

ಟೈಲರ್ ನಗು ಹಾಗೇ ಮುಖದ ಮೇಲೆ ಉಳಿಯಿತು, ತೆಗೆಯಲು ಮರೆತವನಂತೆ. "ಇಲ್ಲ ಮೇಡಂ, ನಾನು ಬಿಟ್ಟಿಲ್ಲ. ಸ್ವಲ್ಪ ದಿನಕ್ಕೆ ಇಟ್ಟಿದ್ದೆ. ನನ್ನ ಹೆಂಡ್ತಿಗೆ ಆಪರೇಷನ್ ಇತ್ತು, ನಾನು ಆಸ್ಪತ್ರೆಯಲ್ಲೇ ಇರ್ಬೇಕಿತ್ತು. ನಿಮ್ಮಲ್ಲಿ ಇಟ್ಕೋತೀರಾ ಅಂತ ಕೇಳೋಣ ಅಂತ ಫೋನಲ್ಲಿ ನೋಡಿದೆ. ಕೇಳೋಕೆ ಜಾಗವೇ ಇರ್ಲಿಲ್ಲ. ಫೋಟೋ ಹಾಕಿ ಅಂತು, ಹಾಕ್ದೆ. ದಿನ ಆರಿಸಿ ಅಂತು, ಆರಿಸ್ದೆ. ಆಮೇಲೆ, ನಿಮ್ಮ ನಾಯಿ ಇನ್ನು ನಮ್ಮ ಜವಾಬ್ದಾರಿ ಅಂತ ಬಂತು. ಎಷ್ಟು ನೆಮ್ಮದಿ ಆಯ್ತು ಗೊತ್ತಾ? ಜವಾಬ್ದಾರಿ ಅಂದ್ರೆ ನೋಡ್ಕೋತಾರೆ, ಕೇಳಿದಾಗ ಕೊಡ್ತಾರೆ ಅಂತ ತಾನೇ?"

"ಇಲ್ಲಿ ಸಹಿ ಹಾಕಿದ್ದೀರಿ," ಎಂದರು ಡಾಕ್ಟರಮ್ಮ ಮೆಲ್ಲಗೆ.

"ಆಪರೇಷನ್‌ಗೂ ಅದೇ ದಿನ ಸಹಿ ಹಾಕಿದ್ದೆ. ಯಾವುದರಲ್ಲಿ ಏನು ಬರೆದಿತ್ತೋ ಯಾರಿಗೆ ಗೊತ್ತು."

ಶತಪಥ ಹಾಕಿ ಹೊಸೆದ ಸಾಲು ಅದು. ಪಾದರಸ ಎದ್ದು ಬಾಗಿಲವರೆಗೆ ಹೋದಳು, ಹಿಂತಿರುಗಿ ಬಂದಳು. "ಡಾಕ್ಟರಮ್ಮ, ಕರ್ಕೊಂಡು ಹೋದವರಿಗೆ ಒಂದು ಫೋನ್ ಮಾಡಿ. ನೋಡೋಕಾದ್ರೂ ಬಿಡ್ತಾರಾ ಕೇಳಿ."

ಕರೆದುಕೊಂಡು ಹೋದವರು ನಿವೃತ್ತ ಹೆಡ್‌ಮಿಸ್ಟ್ರೆಸ್. ಫೋನಿನಲ್ಲಿ ಅವರು, "ನೋಡ್ಲಿ. ಆದ್ರೆ ನಾನು ಕೊಡೋದಿಲ್ಲ, ಅದನ್ನ ಈಗಲೇ ಹೇಳಿಬಿಡಿ," ಎಂದರು. ಟೈಲರ್ ಒಬ್ಬನೇ ಹೋಗಲು ಅಳುಕಿದ. ಪಾದರಸ ಜೊತೆಗೆ ಹೊರಟಳು.

ದಾರಿಯಲ್ಲಿ ಆಕೆಯ ಹೆಜ್ಜೆಗೆ ಹೆಜ್ಜೆ ಹಾಕಲು ಅವನು ಏದುಸಿರು ಬಿಡಬೇಕಾಯಿತು. ಸಿಗ್ನಲ್ಲಿನ ಬಳಿ ನಿಂತಾಗ ಹೇಳಿಬಿಟ್ಟಳು. "ಆ ಪುಟ ಮಾಡಿದ್ದು ನಾನು. ಆ ಸಾಲು ಬರೆದದ್ದೂ ನಾನೇ."

ಟೈಲರ್ ಬೆಲ್ಟನ್ನು ಕೈಗೆ ಸುತ್ತಿಕೊಳ್ಳುತ್ತಾ, ಬಿಚ್ಚುತ್ತಾ ನಿಂತ. "ಓದೋಕೆ ಚೆನ್ನಾಗಿತ್ತು," ಎಂದ ಕೊನೆಗೆ. ಅದು ಬೈಗುಳವೋ ಅಲ್ಲವೋ ಆಕೆಗೆ ತಿಳಿಯಲಿಲ್ಲ. ಬೈದಿದ್ದರೇ ಹಗುರವಾಗುತ್ತಿತ್ತು.

ಹೆಡ್‌ಮಿಸ್ಟ್ರೆಸ್ ಮನೆಯ ಬಾಗಿಲು ತೆರೆದ ಕೂಡಲೇ ಕಂದು ಬಣ್ಣದ ನಾಯಿ, ಒಂದು ಕಿವಿ ಮಡಚಿದ್ದು, ಕೂಗುತ್ತಾ ನುಗ್ಗಿತು. ಟೈಲರ್ ಹೊಸ್ತಿಲಲ್ಲೇ ಕುಸಿದು ಕೂತ. ನಾಯಿ ಅವನ ಮುಖ, ಕಿವಿ, ಟೇಪು ಎಲ್ಲವನ್ನೂ ನೆಕ್ಕಿತು, ಉರುಳಾಡಿತು, ಸಂತೋಷಕ್ಕೆ ನೆಲವನ್ನೂ ಒದ್ದೆ ಮಾಡಿತು. ಹೆಡ್‌ಮಿಸ್ಟ್ರೆಸ್ ಕೈಯಲ್ಲಿ ತಟ್ಟೆ ಹಿಡಿದು ಸೆಟೆದು ನಿಂತಿದ್ದರು. ಈಗ ನಾಯಿ ಇವನ ಹಿಂದೆಯೇ ಹೊರಡುತ್ತದೆ, ಈ ಹೆಂಗಸಿನ ಮನಸ್ಸು ಕರಗುತ್ತದೆ, ಎಲ್ಲ ಸರಿಹೋಗುತ್ತದೆ ಎಂದು ಪಾದರಸ ಲೆಕ್ಕ ಹಾಕಿದ್ದಳು.

ನಾಯಿ ಸಾಕಷ್ಟು ಹೊತ್ತು ಕುಣಿದು ದಣಿಯಿತು. ಆಮೇಲೆ ಆರಾಮಾಗಿ ಒಳಗೆ ನಡೆದು, ಸೋಫಾ ಹತ್ತಿ, ದಿಂಬಿನ ಮೇಲೆ ಗದ್ದವಿಟ್ಟು ಮಲಗಿತು.

"ಕ್ಯಾಪ್ಟನ್ ಅಂತ ಹೆಸರಿಟ್ಟಿದ್ದೀನಿ," ಎಂದರು ಹೆಡ್‌ಮಿಸ್ಟ್ರೆಸ್. "ನನಗೂ ಅರ್ಥ ಆಗುತ್ತೆ. ಆದ್ರೆ ನಾನು ಕೊಡಲ್ಲ. ನಾನೇನು ಕದ್ದು ತಂದಿಲ್ಲ."

"ಅಯ್ಯೋ, ಕದ್ರಿ ಅಂತ ಯಾರಂದ್ರು ಮೇಡಂ." ಟೈಲರ್ ಕಣ್ಣೊರೆಸಿಕೊಂಡು ಸೋಫಾದ ಕಡೆ ನೋಡಿದ. ನಗು ಬಂತು ಅವನಿಗೆ. "ಕಳ್ಳ ನೋಡಿ! ನಮ್ಮನೇಲಿ ಬಟ್ಟೆ ಚೂರಿನ ಮೂಟೆ ಮೇಲೆ ಮಲಗ್ತಿದ್ದ. ಇಲ್ಲಿ ಸಾಹೇಬರಾಗಿಬಿಟ್ಟಿದ್ದಾನೆ."

ಹೊರಗೆ ಬಂದ ಮೇಲೆ ಅವನ ನಗು ಇಳಿಯಿತು. ಹೆಂಡತಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ನಾಯಿ ಸ್ನೇಹಿತನ ಮನೆಯಲ್ಲಿದೆ ಎಂದು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದನಂತೆ. "ನೀವೂ ಬರ್ತೀರಾ? ನಾನೊಬ್ಬನೇ ಹೇಳಿದ್ರೆ ನಂಬಲ್ಲ ಅವಳು."

ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಹೆಂಡತಿ ದಿಂಬಿಗೆ ಒರಗಿ ಕೂತಿದ್ದಳು. ಮುಖ ಬಿಳಚಿಕೊಂಡಿತ್ತು, ಕಣ್ಣು ಮಾತ್ರ ಚುರುಕು. ಗಂಡ ಹೇಳಿದ್ದನ್ನೆಲ್ಲ ಮಧ್ಯೆ ಬಾಯಿ ಹಾಕದೆ ಕೇಳಿದಳು.

"ಮೂರು ಸಲ ಒತ್ತಿದ್ಯಾ?"

"ಹೂಂ."

"ಮೂರು ಸಲ ಒತ್ತೋಕೆ ಪುರುಸೊತ್ತಿತ್ತು. ನನ್ನ ಒಂದ್ಸಲ ಕೇಳೋಕೆ ಆಗ್ಲಿಲ್ವಾ?"

ಆಕೆ ಪಾದರಸಳ ಕಡೆ ತಿರುಗಿದಳು. "ನೀವ್ಯಾರು?"

"ನಾನು ಆ ಬಟನ್ ಮಾಡಿದವಳು."

ಆಕೆ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೋಡೋಕೆ ಒಳ್ಳೆಯವರ ಥರ ಇದ್ದೀರ," ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಅಂದು ಮನೆಗೆ ಬಂದ ಪಾದರಸ ಅಡುಗೆಮನೆ ಹೊಕ್ಕಳು. ಅತ್ತೆ ಬಂದು ನೋಡುವಷ್ಟರಲ್ಲಿ ಡಬ್ಬಿಗಳೆಲ್ಲ ನೆಲದ ಮೇಲೆ.

"ಏನಾಯ್ತೇ?"

ಪಾದರಸ ನೆಲದ ಮೇಲೆ ಕೂತೇ ಎಲ್ಲ ಹೇಳಿದಳು. ಅತ್ತೆ ಸಮಾಧಾನದ ಮಾತೇನೂ ಆಡಲಿಲ್ಲ. "ಹೋಗಿ ಸರಿ ಮಾಡು. ಇಲ್ಲಾಂದ್ರೆ ನಾಳೆ ನನ್ನ ಮಂಚವೂ ಬಚ್ಚಲಲ್ಲಿ ಇರುತ್ತೆ," ಎಂದು ಡಬ್ಬಿಗಳನ್ನು ಎತ್ತಿಡತೊಡಗಿದರು.

ಯಜಮಾನ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. "ಕೆಲಸ ಮುಗಿದಿದೆ, ಅವರು ಒಪ್ಪಿಕೊಂಡಿದ್ದಾರೆ. ಸುಲಭವಾಗಿರೋದನ್ನ ಕಷ್ಟ ಮಾಡ್ತೀನಿ ಅನ್ನೋ ಡಿಸೈನರ್‌ನ ನಾನು ಇದೇ ಮೊದಲು ನೋಡ್ತಿರೋದು."

"ಕಷ್ಟ ಮಾಡಲ್ಲ ಸರ್. ಒಂದು ಮಾತು ಕೇಳ್ಬೇಕು ಅಷ್ಟೇ. ಏನಾಯ್ತು ಅಂತ."

"ಕೇಳಿದ್ರೆ ಅರ್ಧಕ್ಕೆ ಬಿಟ್ಟುಹೋಗ್ತಾರೆ. ಗೆರೆ ಕೆಳಗೆ ಬರುತ್ತೆ."

"ಬರ್ಲಿ! ಆ ಗೆರೆಯಲ್ಲಿ ಒಬ್ಬ ಟೈಲರ್ ಇದ್ದಾನೆ ಸರ್. ಅವನು ಕೊನೇವರೆಗೂ ಹೋದ ಅಂತ ನಾವು ಸಿಹಿ ತಿಂದ್ವಿ."

ದನಿ ಎತ್ತರವಾಗಿದ್ದು ಆಕೆಗೇ ತಿಳಿದಿರಲಿಲ್ಲ. ಆಗ ಮೂಲೆಯಿಂದ ಮೌನಿ ಬಾಯಿಬಿಟ್ಟ. "ದೊಡ್ಡ ಕೆಲಸವಲ್ಲ. ಆಕೆ ಬರೆದು ಕೊಟ್ರೆ ನಾನು ಮಾಡ್ತೀನಿ." ಅವನು ಬಾಯಿಬಿಟ್ಟದ್ದಕ್ಕೇ ಯಜಮಾನ ಬೆರಗಾಗಿ, ಏನಾದರೂ ಮಾಡಿಕೊಳ್ಳಿ ಎಂಬಂತೆ ಕೈ ಬೀಸಿದ.

ಡಾಕ್ಟರಮ್ಮನ ಜೊತೆಗೂ ಜಗಳವಾಯಿತು. ಅವರಿಗೀಗ ಹಳೆಯ ಪ್ರಶ್ನೆಗಳೆಲ್ಲ ವಾಪಸ್ ಬೇಕು, ಇನ್ನೂ ನಾಲ್ಕು ಹೆಚ್ಚೇ ಬೇಕು. "ಬೆವರಿಳೀಬೇಕು ಅವರಿಗೆ," ಎಂದರು. ಪಾದರಸ ಒಪ್ಪಲಿಲ್ಲ. ನಿಜವಾಗಿ ಸಾಕಲಾಗದವರನ್ನು ಸತಾಯಿಸಿದರೆ ಬಿಸಿಲಿಗೆ ಬೀಳುವುದು ನಾಯಿಯೇ. ಅಂಥವರ ದಾರಿ ಚಿಕ್ಕದಾಗಿಯೇ ಇರಬೇಕು. ಉಳಿದವರಿಗೆ ಬೇರೆ ಬಾಗಿಲುಗಳು ಬೇಕು. ಸ್ವಲ್ಪ ದಿನ ನೋಡಿಕೊಳ್ಳುವವರು ಬೇಕೆಂದರೆ ಒಂದು, ನಾಯಿಗೆ ಹುಷಾರಿಲ್ಲವೆಂದರೆ ಒಂದು, ಮನೆಯ ಮಾಲೀಕ ತಕರಾರು ತೆಗೆದಿದ್ದಾನೆಂದರೆ ಒಂದು. ಇಬ್ಬರೂ ನಾಯಿಗಳ ಬೊಗಳಾಟವನ್ನೂ ಮೀರಿ ದನಿ ಏರಿಸಿ ಏರಿಸಿ ವಾದ ಮಾಡಿದರು. ಕೊನೆಗೆ ಡಾಕ್ಟರಮ್ಮ, ಸ್ವಲ್ಪ ದಿನ ನಾಯಿ ಇಟ್ಟುಕೊಳ್ಳಲು ಒಪ್ಪುವ ಮನೆಗಳನ್ನು ಹುಡುಕುತ್ತೇನೆ ಎಂದರು.

ಪಾದರಸ ಹೊಸ ಪುಟಗಳನ್ನು ಮೊದಲು ಕಾಗದದ ಮೇಲೆ ಬರೆದು ಟೈಲರ್ ಅಂಗಡಿಗೆ ಒಯ್ದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ಹರಡಿದಳು. "ನೀವು ಅವತ್ತು ಆಸ್ಪತ್ರೆಯಲ್ಲಿ ಕೂತ ಹಾಗೇ ಅಂದ್ಕೊಳ್ಳಿ. ಬೆರಳಿಟ್ಟು ಹೋಗಿ." ಅವನು ಕಾಗದದಿಂದ ಕಾಗದಕ್ಕೆ ಬೆರಳು ಸರಿಸುತ್ತಾ ಹೋದ. ಎರಡು ಕಡೆ ದಾರಿ ತಪ್ಪಿದ. ತಪ್ಪಿದಲ್ಲೆಲ್ಲ ಆಕೆ ಹರಿದು ಹೊಸದು ಬರೆದಳು. ಹಳೆಯ ಸಾಲಿನ ಜಾಗದಲ್ಲಿ ಈಗ 'ಈ ದಿನದ ನಂತರ ನಾಯಿ ನಿಮಗೆ ವಾಪಸ್ ಸಿಗುವುದಿಲ್ಲ' ಎಂದಿತ್ತು. ಕೆಳಗೆ ಅಷ್ಟೇ ದೊಡ್ಡದಾಗಿ 'ಮನಸ್ಸು ಬದಲಾಯಿತು' ಎಂಬ ಬಟನ್. ಅವನ ಬೆರಳು ಅಲ್ಲಿ ನಿಂತಿತು.

"ಇಲ್ಲಿ ನಿಲ್ತಿದ್ದೆ," ಎಂದ.

ಮೆಟ್ಟಿಲ ಮೇಲಿನಿಂದ ಹೆಂಡತಿಯ ದನಿ ಬಂತು. ಯಾವಾಗ ಬಂದು ಕೂತಿದ್ದಳೋ! "ಅದಕ್ಕೂ ಮುಂಚೆ ಒಂದು ಹಾಕಿ. ಮನೆಯಲ್ಲಿ ಎಲ್ಲರನ್ನೂ ಕೇಳಿದ್ದೀರಾ ಅಂತ."

ಪಾದರಸ ಅಲ್ಲೇ ಬರೆದುಕೊಂಡಳು. ಟೈಲರ್ ಕತ್ತರಿ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದ.

ಹೊಸ ಪುಟಗಳು ಬಂದ ಮೇಲೆ ಯಜಮಾನನ ಗೆರೆ ಕೆಳಗಿಳಿಯಿತು. ಅವನು ಅದನ್ನು ಯಾರಿಗೂ ತೋರಿಸಲಿಲ್ಲ. ಕೇಂದ್ರದ ದಾರಿಯಿಂದ ಪಂಜರಗಳು ಒಂದೊಂದಾಗಿ ಹೋದವು. ಹಾಗೆಂದು ಎಲ್ಲವೂ ಸರಿಹೋಗಲಿಲ್ಲ. ಒಂದು ಬೆಳಿಗ್ಗೆ ಗೇಟಿಗೆ ಮತ್ತೆ ಒಂದು ಮುದಿ ನಾಯಿಯನ್ನು ಯಾರೋ ಕಟ್ಟಿಹೋಗಿದ್ದರು. ಅದನ್ನು ಕೇಳಿದ ಪಾದರಸ ಮೌನಿಯ ಕುರ್ಚಿಯ ಹಿಂದೆ ನಿಂತು, ಆ ವಾರ ಯಾರು ಯಾವ ಪುಟದಲ್ಲಿ ಬಿಟ್ಟುಹೋದರು ಎಂದು ತೆಗೆಸಿ ತೆಗೆಸಿ ನೋಡಿದಳು. ಏನೂ ಹೊಳೆಯಲಿಲ್ಲ. ಬಹುಶಃ ಆ ಮನುಷ್ಯ ವೆಬ್‌ಸೈಟನ್ನು ನೋಡಿಯೇ ಇರಲಿಲ್ಲ. ಆದರೂ ಆಕೆ ವಾರಗಟ್ಟಲೆ ಆ ಪುಟಗಳನ್ನು ತೆಗೆಸಿ ನೋಡುವುದನ್ನು ಬಿಡಲಿಲ್ಲ.

ಹೆಡ್‌ಮಿಸ್ಟ್ರೆಸ್ ನಾಯಿಯನ್ನು ಕೊಡಲಿಲ್ಲ. ಆದರೆ ಸಂಜೆಯ ತಿರುಗಾಟಕ್ಕೆ ಟೈಲರ್ ಅಂಗಡಿಯ ಬೀದಿಯನ್ನೇ ಹಿಡಿಯತೊಡಗಿದರು. ಯಾರೂ ಹೇಳಿದ್ದಲ್ಲ. ಕ್ಯಾಪ್ಟನ್ ಅಂಗಡಿಗೆ ನುಗ್ಗಿ ಗುಂಡಿಯಾಗುತ್ತಿದ್ದ, ಚೂರುಬಟ್ಟೆಯ ಮೂಟೆಯ ಮೇಲೆ ಒಂದು ನಿದ್ದೆ ತೆಗೆಯುತ್ತಿದ್ದ, ಮತ್ತೆ ಕ್ಯಾಪ್ಟನ್ ಆಗಿ ಹೊರಡುತ್ತಿದ್ದ. ಟೈಲರ್ ಹೆಂಡತಿ ಮೊದಮೊದಲು ಹೆಡ್‌ಮಿಸ್ಟ್ರೆಸ್ ಜೊತೆ ಮಾತಾಡುತ್ತಿರಲಿಲ್ಲ. ಆಮೇಲೆ ಅವರ ರವಿಕೆಯ ಹೊಲಿಗೆ ಸರಿಯಿಲ್ಲವೆಂದು ಜಗಳ ತೆಗೆದು, ಅದೇ ನೆಪದಲ್ಲಿ ಮಾತಿಗೆ ಬಿದ್ದಳು.

ಪಾದರಸಳ ಮೇಲೆ ಟೈಲರ್ ಹೆಂಡತಿಗಿದ್ದ ಸಿಟ್ಟು ಮಾತ್ರ ಪೂರ್ತಿ ಹೋಗಿರಲಿಲ್ಲ. ಒಂದು ದಿನ ಆಕೆಯೇ ಫೋನ್ ಮಾಡಿದಳು. "ನಾಳೆ ನನಗೆ ಆಸ್ಪತ್ರೆಯಲ್ಲಿ ಚೆಕಪ್ ಇದೆ. ಅವರ ವೆಬ್‌ಸೈಟಿನಲ್ಲಿ ಟೋಕನ್ ತಗೋಬೇಕಂತೆ. ನಿಮ್ಮದಕ್ಕಿಂತ ದರಿದ್ರವಾಗಿದೆ. ಬಂದು ನೋಡ್ತೀರಾ?"

ಮರುದಿನ ಇಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಕೂತರು. ಟೈಲರ್ ಹೆಂಡತಿ ಫೋನನ್ನು ಮೂಗಿನ ಹತ್ತಿರ ಹಿಡಿದು, ಹೆಬ್ಬೆರಳನ್ನು ಪರದೆಯ ಮೇಲೆ ಆಡಿಸುತ್ತಾ ಗೊಣಗುತ್ತಿದ್ದಳು. ಪಾದರಸ ಕಿತ್ತುಕೊಂಡು ತಾನೇ ಒತ್ತಿಬಿಡಬೇಕು ಎನಿಸಿದ ಕೈಯನ್ನು ಮಡಿಲಲ್ಲಿ ಬಿಗಿಹಿಡಿದು, ಆ ಹೆಬ್ಬೆರಳು ಎಲ್ಲಿ ಅನುಮಾನಿಸುತ್ತದೆ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.